ಮೂರನೆಯವಳ ಜಡೆ

ಮೇಣದ ಮ್ಯೂಸಿಯಂನಲ್ಲಿ ದೊಡ್ಡವರು ಚಿಕ್ಕವರು ಎನ್ನದೆ ಎಲ್ಲರೂ ಆಕೆಯನ್ನು ಕೂದಲಕ್ಕ ಎಂದೇ ಕರೆಯುತ್ತಿದ್ದರು. ಬೋಳು ಮೇಣದ ತಲೆಗೆ ಒಂದೊಂದೇ ಕೂದಲು ನೆಟ್ಟು ಅದನ್ನು ಮನುಷ್ಯರ ತಲೆಯಾಗಿಸುವುದು ಆಕೆಯ ಕೆಲಸ. ಸೂಜಿಯ ತುದಿಯನ್ನು ಸಣ್ಣಗೆ ಬಿಸಿ ಮಾಡಬೇಕು, ಕೂದಲನ್ನು ಅದಕ್ಕೆ ಸಿಕ್ಕಿಸಿ ಚುಚ್ಚಬೇಕು, ಸೂಜಿ ಹೊರಗೆ ಬಂದರೂ ಕೂದಲು ಅಲ್ಲೇ ನಿಲ್ಲಬೇಕು. ಬಿಸಿ ಹೆಚ್ಚಾದರೆ ತಲೆಯಲ್ಲಿ ತೂತು, ಕಡಿಮೆಯಾದರೆ ಕೂದಲು ಕೈಗೇ ವಾಪಸ್ಸು. ಒಂದು ತಲೆ ಮುಗಿಯುವಷ್ಟರಲ್ಲಿ ತಿಂಗಳು ಉರುಳಿ, ಕತ್ತು ಕಲ್ಲಾಗಿ, ಕಣ್ಣು ಕೆಂಡವಾಗಿರುತ್ತದೆ.

ಈ ಕಸುಬಿನ ಅರ್ಧ ಆಕೆಗೆ ಅಪ್ಪನಿಂದ ಬಂದದ್ದು. ಅಪ್ಪ ನಾಟಕದವರಿಗೆ ಕಟ್ಟುಗೂದಲಿನ ಟೋಪನ್ ಕಟ್ಟಿಕೊಡುತ್ತಿದ್ದ. ಉಳಿದರ್ಧವನ್ನು ಕಲಿಸಿದವನು ಮ್ಯೂಸಿಯಂನ ಮುಖಗಳನ್ನೆಲ್ಲ ಮಾಡುವ ಮೇಣದಜ್ಜ. ಮದುವೆಯೂ ಒಂದಾಗಿತ್ತು. ಗಂಡ ಎಂಬವನು ಎರಡು ವರ್ಷ ತುಂಬುವ ಮೊದಲೇ ಬೇರೆ ಮನೆ ನೋಡಿಕೊಂಡ. ಅಯ್ಯೋ ಪಾಪ ಎಂದವರಿಗೆ ಆಕೆ, "ಪಾಪ ಏನು ಬಂತು? ಅವನು ಬೋಳ. ಬೋಳನ ಜೊತೆ ಬಾಳೋದು ನನ್ನ ಕಸುಬಿಗೇ ಅವಮಾನ" ಎಂದು ಬಾಯಿ ಮುಚ್ಚಿಸಿದ್ದಳು. ಆಮೇಲೆ ತಾಯಿ, ತಂಗಿ, ತಾನು ಎಂದು ಮೂವರೇ ಎರಡು ಕೋಣೆಯ ಮನೆಯಲ್ಲಿ ಇದ್ದರು.

ಮ್ಯೂಸಿಯಂಗೆ ಎರಡು ಅಂತಸ್ತು. ಮೇಲೆ ರಾಜರು, ರಾಣಿ, ಹಾಡುಗಾರರು, ಆಟಗಾರರು. ಕೆಳಗೆ, ಮೆಟ್ಟಿಲಿಳಿದು ಹೋದರೆ, ಕೊಲೆಗಾರರ ಕೋಣೆ. ಮಕ್ಕಳಿಗೆ ಮೇಲಿನವರನ್ನು ತೋರಿಸಿ ಬುದ್ಧಿ ಹೇಳುವುದು, ತಾವು ಮಾತ್ರ ಕೆಳಗಿನವರನ್ನು ನೋಡಲು ದಡಬಡ ಇಳಿಯುವುದು, ಇದು ಮನುಷ್ಯನ ಜಾಯಮಾನ. ಅಲ್ಲಿದ್ದವರು ಒಬ್ಬೊಬ್ಬರೂ ಒಂದೊಂದು ಕಾಲದವರು, ಒಂದೊಂದು ದೇಶದವರು. ಕುದುರೆಗಾಡಿಯ ಕಾಲದ ಬಾವಿ ಡಾಕ್ಟರು, ದಿಕ್ಕಿಲ್ಲದ ರೋಗಿಗಳಿಗೆ ನಿದ್ದೆಯ ಮದ್ದು ಕೊಟ್ಟು ಹಿತ್ತಲ ಬಾವಿಗೆ ಇಳಿಸಿದವನು. ಹಾಲಿನಮ್ಮ, ಕಟ್ಟಿಕೊಂಡ ಗಂಡಂದಿರಿಗೆಲ್ಲ ವಿಷದ ಹಾಲು ಕುಡಿಸಿ, ಕೊನೆಗೆ ಅನುಮಾನಪಟ್ಟ ಹಾಲಿನವನಿಗೂ ಅವನದೇ ಹಾಲು ಕುಡಿಸಿದವಳು. ನಿತ್ಯ ಮದುಮಗ, ಬಂದರಿನಿಂದ ಬಂದರಿಗೆ ಹೋಗಿ ಮದುವೆಯಾಗುತ್ತ, ಹೆಂಡಿರನ್ನು ಹಡಗಿನಿಂದ ನೀರಿಗೆ ದೂಡುತ್ತ ಮುದುಕನಾದವನು.

ಇವರ ಧೂಳು ಹೊಡೆಯುವುದೂ, ತಲೆ ಬಾಚುವುದೂ ಕೂದಲಕ್ಕನ ಪಾಲಿಗೇ. ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲು ಮೆತ್ತನೆಯ ಬ್ರಷ್ ಹಿಡಿದು ಇಳಿದಳೆಂದರೆ ಸೋಮಾರಿ ನೆಂಟರನ್ನು ಎಬ್ಬಿಸಿದ ಹಾಗೆ ಶುರು.

"ಏನ್ರೀ ಡಾಕ್ಟ್ರೇ, ಊರೋರ ನಾಡಿ ಎಲ್ಲ ಹಿಡಿದ್ರಿ, ನಿಮ್ಮ ಕಿವೀಲಿ ಜೇಡ ಮನೆ ಕಟ್ಟಿದ್ದು ಗೊತ್ತಾಗ್ಲಿಲ್ವಾ? ಮದುಮಗ ಭಾವಾ, ಮೀಸೆ ಜಾರಿದೆ ನೋಡಿ, ಹೀಗಿದ್ರೆ ಮುಂದಿನ ಸಂಬಂಧ ಯಾರು ಕೊಡ್ತಾರೆ?"

ಒಂದು ಪದ್ಧತಿ ಮಾತ್ರ ಆಗಲೂ ಆಕೆಯ ಕಣ್ಣಿಗೆ ಬಿದ್ದಿತ್ತು, ಮನಸ್ಸಿಗೆ ನಾಟಿರಲಿಲ್ಲ. ಕೊಂದವರಿಗೆ ತಲೆಗೊಂದು ಅಚ್ಚು. ಹಳೆಯ ಚಿತ್ರ ಹುಡುಕಿ, ಮೂಗು ಕಿವಿ ಅಳೆದು, ಹುಬ್ಬಿನ ಗಾಯವನ್ನೂ ಬಿಡದೆ ಮಾಡುತ್ತಿದ್ದರು. ಅವರ ಕಾಲಬುಡದಲ್ಲಿ ಬಿದ್ದುಕೊಂಡ ಹೆಣಗಳಿಗೆಲ್ಲ ಸೇರಿ ಒಂದೇ ಅಚ್ಚು. ಅದಕ್ಕೆ ಹೆಣದಚ್ಚು ಎಂದೇ ಹೆಸರು. ಟೋಪನ್ ಬದಲಾಯಿಸಿದರೆ ಬಾವಿಗೆ ಬಿದ್ದವಳು, ಇನ್ನೊಂದು ಟೋಪನ್ ಹಾಕಿದರೆ ಹಡಗಿನಿಂದ ಬಿದ್ದವಳು, ಮೀಸೆ ಅಂಟಿಸಿದರೆ ವಿಷದ ಹಾಲು ಕುಡಿದ ಗಂಡ. ಅಚ್ಚಿನ ಮುಖ ಮೇಣದಜ್ಜನ ಹೆಂಡತಿಯದು, ಹರೆಯದಲ್ಲಿ ತೆಗೆದದ್ದು. ಅಜ್ಜಿ ಗಟ್ಟಿಮುಟ್ಟಾಗಿದ್ದಳು. ಯಾವಾಗಲಾದರೂ ಬಂದರೆ ಕೋಣೆಯಲ್ಲೆಲ್ಲ ಬಿದ್ದಿದ್ದ ತನ್ನನ್ನೇ ನೋಡಿ, "ಇಷ್ಟು ಸಲ ಸತ್ತಿದೀನಿ, ಈ ಮುದುಕನ ಕಣ್ಣಲ್ಲಿ ಒಂದು ಹನಿ ನೀರು ಬಂತಾ ಕೇಳೇ!" ಎನ್ನುತ್ತಿದ್ದಳು. ಎಲ್ಲರೂ ನಗುತ್ತಿದ್ದರು. ಕೂದಲಕ್ಕನೂ ನಗುತ್ತಿದ್ದಳು.

ತಂಗಿ ಬಾಟಲಿ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಳು. ಸೊಂಟ ದಾಟಿದ ಜಡೆ. ಯಂತ್ರದ ಬೆಲ್ಟಿಗೆ ಸಿಕ್ಕೀತು, ಟೋಪಿಯೊಳಗೆ ಸೇರಿಸು ಎಂದು ಮೇಸ್ತ್ರಿ ದಿನವೂ ಗದರುತ್ತಿದ್ದ. ಟೋಪಿಯೊಳಗೆ ಆ ಜಡೆ ಹಿಡಿಸಬೇಕಲ್ಲ! ಒಂದು ಸಂಜೆ ಕುತ್ತಿಗೆಯವರೆಗೆ ಕತ್ತರಿಸಿಕೊಂಡು ಬಂದು, ಹಾವನ್ನು ಎಸೆದ ಹಾಗೆ ಜಡೆಯನ್ನು ಅಕ್ಕನ ಮಡಿಲಿಗೆ ಎಸೆದಳು.

"ತಗೋ, ನಿನ್ನ ಬೋಳು ರಾಣೀಗೆ ನೆಡು."

ಆಗ ಮೇಲಿನ ಹಾಲ್‌ಗೆ ರಾಣಿಯ ತಲೆ ತಯಾರಾಗುತ್ತಿದ್ದದ್ದು ನಿಜ. ಕೂದಲಕ್ಕ ನೆಟ್ಟಳು. ಆಮೇಲೆ ತಂಗಿ ರಜೆಯ ದಿನ ಅಕ್ಕನಿಗೆ ಊಟದ ಡಬ್ಬಿ ತಂದಾಗಲೆಲ್ಲ ಮೊದಲು ಮೇಲಕ್ಕೆ ಹೋಗಿ, "ಏನಮ್ಮಾ ಮಹಾರಾಣಿ, ನನ್ನ ಜಡೆ ಸರಿಯಾಗಿ ನೋಡ್ಕೋತಿದೀಯಾ?" ಎಂದು ವಿಚಾರಿಸಿಯೇ ಕೆಳಗಿಳಿಯುತ್ತಿದ್ದಳು. ಮೇಣದಜ್ಜನ ಕನ್ನಡಕ ಕಿತ್ತುಕೊಂಡು ಅದನ್ನು ಹಾಲಿನಮ್ಮನಿಗೆ ಹಾಕಿ ಹೋಗುವುದು ಅವಳ ಇನ್ನೊಂದು ಕೆಲಸ.

ಆ ವರ್ಷ ನಗರದಲ್ಲಿ ಮನೆಯೊಳಗೇ ಇಬ್ಬರು ಹೆಂಗಸರ ಕೊಲೆಯಾಗಿತ್ತು. ಬೀಗ ಒಡೆದಿರಲಿಲ್ಲ, ಒಂದು ಪಾತ್ರೆಯೂ ಹೋಗಿರಲಿಲ್ಲ. ಊರಿಗೆ ಊರೇ ಕೆದರಿದ ಕೂದಲಿನ, ಕೆಂಪು ಕಣ್ಣಿನ ರಾಕ್ಷಸನೊಬ್ಬನನ್ನು ಹುಡುಕುತ್ತಿತ್ತು. ತಂಗಿಯೂ ಬಾಗಿಲಿಗೆ ಬಂದ ಗಡ್ಡದ ಚಿಂದಿ ಆಯುವವನನ್ನು ಬೈದು ಓಡಿಸಿದ್ದಳು. ಅದಾದ ಮಾರನೆಯ ದಿನವೇ, ಮಟಮಟ ಮಧ್ಯಾಹ್ನ, ಅಮ್ಮ ಹೊರಗೆ ಹೋಗಿ, ರಜೆಯಲ್ಲಿದ್ದ ತಂಗಿ ಒಬ್ಬಳೇ ಮನೆಯಲ್ಲಿದ್ದಾಗ, ಎಣ್ಣೆ ಹಚ್ಚಿ ಬೈತಲೆ ತೆಗೆದು ತಲೆ ಬಾಚಿಕೊಂಡ ಒಬ್ಬ, ಕೈಯಲ್ಲಿ ಸಲಕರಣೆಯ ಪೆಟ್ಟಿಗೆ ಹಿಡಿದು ಬಂದು, "ಸ್ಟೌ ನೋಡೋಕೆ ಕಳಿಸಿದಾರೆ ಅಕ್ಕಾ" ಎಂದ. ಬಾಗಿಲು ತೆಗೆದಳು.

ಅವನು ಸಿಕ್ಕಿಬಿದ್ದದ್ದು ಇನ್ನಿಬ್ಬರು ಸತ್ತ ಮೇಲೆ. ಕೋರ್ಟಿನಲ್ಲಿ ಜಡ್ಜಿ ಬರುವ ಮೊದಲು ಜೇಬಿನ ಬಾಚಣಿಗೆ ತೆಗೆದು ತಲೆ ಸರಿಮಾಡಿಕೊಳ್ಳುತ್ತಿದ್ದ. ಯಾಕೆ ಕೊಂದೆ ಎಂದರೆ ಹೊಟ್ಟೆ ಉರಿಯುವಂಥ ಕಾರಣವೂ ಇರಲಿಲ್ಲ ಅವನ ಹತ್ತಿರ. ಬಾಗಿಲು ತೆಗೆದರು, ಅಷ್ಟೇ ಎಂದ. ಪೇಪರಿನವರು ಅವನ ಹುಟ್ಟೂರು, ಅವನ ಊಟ, ಅವನು ಸಾಕಿದ ಗಿಳಿ, ಎಲ್ಲವನ್ನೂ ಬರೆದು ಸುರಿದರು. ತಂಗಿ ಮೂರನೆಯವಳು. ಪೇಪರಿನಲ್ಲಿ ಅವಳ ವಿಷಯ ಅಷ್ಟೇ. ಅವನನ್ನು ನೇಣು ಹಾಕಿದ ದಿನ ಅಮ್ಮ ಎಂದಿನ ಹಾಗೆ ಕೂಲಿಗೆ ತಂದ ಸಮವಸ್ತ್ರದ ಅಂಗಿಗಳಿಗೆ ಗುಂಡಿ ಹೊಲಿಯುತ್ತಿದ್ದಳು. ಸುದ್ದಿ ಕೇಳಿ, "ಸರಿ" ಎಂದು ದಾರ ಹಲ್ಲಲ್ಲಿ ಕಡಿದಳು.

ಕೂದಲಕ್ಕ ಕೆಲಸ ಬಿಡಲಿಲ್ಲ. ದುಃಖಕ್ಕೆ ಹೊಟ್ಟೆ ಇಲ್ಲ, ಮನುಷ್ಯರಿಗೆ ಇದೆ. ಆದರೆ ಕೆಳಗಿನ ಕೋಣೆಯಲ್ಲಿ ಆಕೆಯ ಬಾಯಿ ನಿಂತಿತು. ಡಾಕ್ಟರ ಕಿವಿಯ ಜೇಡವನ್ನು ಮಾತಿಲ್ಲದೆ ತೆಗೆಯುತ್ತಿದ್ದಳು. ಒಂದು ದಿನ ಹೆಣದ ಟೋಪನ್ ಬದಲಾಯಿಸುತ್ತಿದ್ದವಳು ಇದ್ದಕ್ಕಿದ್ದಂತೆ ಅದನ್ನು ನೆಲಕ್ಕೆ ಅಪ್ಪಳಿಸಿ ಮೇಣದಜ್ಜನ ಮೇಲೆ ಹರಿಹಾಯ್ದಳು.

"ಕೊಂದೋನಿಗೆ ಮೂಗು ಅಳೀತೀಯ, ಕಿವಿ ಅಳೀತೀಯ. ಸತ್ತೋಳಿಗೆ ಒಂದು ಸ್ವಂತ ಮುಖ ಕೊಡೋಕೆ ಆಗಲ್ವಾ ನಿಂಗೆ? ಎಲ್ಲರಿಗೂ ಅದೇ ಮುಖ, ಅದೇ ಮುಖ! ಸತ್ತೋರೇನು ಇಟ್ಟಿಗೆಗಳಾ?"

ಅಜ್ಜ ಕನ್ನಡಕ ತೆಗೆದು ಒರೆಸಿಕೊಂಡ, ಮತ್ತೆ ಹಾಕಿಕೊಂಡ. ಅವನು ಯಾವ ಮಾತನ್ನೂ ಮರೆಯುವವನಲ್ಲ, ಅದೇ ಬಂದ ಕಷ್ಟ.

ಇನ್ನೊಂದು ವರ್ಷಕ್ಕೆ ಮ್ಯೂಸಿಯಂಗೆ ಬರುವ ಜನ ಕಡಿಮೆಯಾದರು. ಬಾವಿ ಡಾಕ್ಟರನ್ನು ಎಷ್ಟು ಸಲ ನೋಡುತ್ತಾರೆ? ಯಜಮಾನ ಕೂದಲಕ್ಕನನ್ನು ತನ್ನ ಕೋಣೆಗೆ ಕರೆದು, ಕುರ್ಚಿ ಕೊಟ್ಟು, ಟೀ ತರಿಸಿದ. ಅಷ್ಟು ಮರ್ಯಾದೆ ಕಂಡಾಗಲೇ ಆಕೆಗೆ ವಾಸನೆ ಹತ್ತಿತು.

"ನೋಡಮ್ಮಾ, ಬೇಜಾರು ಮಾಡ್ಕೋಬೇಡ. ಜನ ಕೇಳ್ತಿದಾರೆ. ಆ ಸ್ಟೌ ರಿಪೇರಿಯವನನ್ನ ಮಾಡಲೇಬೇಕು."

ಆಕೆ ಟೀ ಮುಟ್ಟಲಿಲ್ಲ. "ಅವನನ್ನ ಮಾಡಿ. ಕೂದಲು ನಾನೇ ನೆಡ್ತೀನಿ. ಅವನ ಕಾಲ ಹತ್ರ ಹೆಣ ಮಾತ್ರ ಹಾಕಬೇಡಿ."

"ನೋಡೋಣ, ನೋಡೋಣ."

ಯಜಮಾನ ನೋಡೋಣ ಎಂದರೆ ಆಗಲೇ ನೋಡಿ ಆಗಿದೆ ಎಂದರ್ಥ. ಆಕೆ ಎದ್ದು ಹೋದ ಮೇಲೆ ಅವನು ಮೇಣದಜ್ಜನಿಗೆ ಒಂದು ಹೆಣವನ್ನೂ ಮಾಡಲು ಹೇಳಿದ. ಯಾವುದಾದರೂ ಆದೀತು, ಮೂರನೆಯವಳೆಂದು ಬೋರ್ಡು ಬರೆಸುತ್ತೇನೆ ಎಂದ. ಅಕ್ಕ ಇಲ್ಲೇ ಕೆಲಸಕ್ಕಿರುವುದು ಪೇಪರಿನವರಿಗೆ ತಿಳಿದರೆ ಇನ್ನೂ ಒಳ್ಳೆಯದು ಎಂಬ ಲೆಕ್ಕಾಚಾರವೂ ಆ ತಲೆಯಲ್ಲಿತ್ತು. ಇಂಥವನ ಕೆನ್ನೆಗೆ ಒಂದು ಬಾರಿಸುವವರು ಆ ಹೊತ್ತಿಗೆ ಪಕ್ಕದಲ್ಲಿರಬೇಕಿತ್ತು, ಇರಲಿಲ್ಲ.

ಅಜ್ಜ ಯೋಚಿಸಿದ. ಹೆಣ ಬೇಡವೆನ್ನುವ ಧೈರ್ಯ ಅವನಿಗಿಲ್ಲ, ಆ ಮನೆಯ ಅನ್ನ ತಿಂದು ಮುದುಕನಾದವನು. ಆದರೆ ಕೂದಲಕ್ಕ ಅಂದು ಬೈದದ್ದು ಎದೆಯಲ್ಲಿ ಮುಳ್ಳಾಗಿ ಕೂತಿತ್ತು. ಹೆಣದಚ್ಚನ್ನು ಮೂಲೆಗೆ ತಳ್ಳಿದ. ತನ್ನ ಕನ್ನಡಕ ಕಿತ್ತುಕೊಂಡು ಓಡುತ್ತಿದ್ದ ಆ ಹುಡುಗಿಯ ಮುಖವನ್ನು, ಫೋಟೋ ಇಲ್ಲದೆ, ನೆನಪಿನಿಂದಲೇ ತಿದ್ದತೊಡಗಿದ. ಅದು ಅವನ ಪ್ರೀತಿ. ಅದೇ ಅವನ ತಪ್ಪು.

ಒಂದು ಬೆಳಿಗ್ಗೆ ಕೂದಲಕ್ಕ ಬಂದು ದೀಪ ಹಾಕಿದಾಗ ಮೇಜಿನ ಮೇಲೆ ಎರಡು ಬೋಳು ತಲೆಗಳಿದ್ದವು. ಒಂದು ಸ್ಟೌ ರಿಪೇರಿಯವನದು. ಇನ್ನೊಂದು ತಂಗಿಯದು. ಎಡಗಡೆ ಮಾತ್ರ ಸ್ವಲ್ಪ ಮೇಲೆದ್ದ ತುಟಿ, ಏನೋ ಕೀಟಲೆ ಮಾಡುವ ಮೊದಲು ಏಳುತ್ತಿದ್ದ ಹಾಗೆಯೇ. ಅಜ್ಜ ಬಾಗಿಲ ಹತ್ತಿರ ಶಾಲೆಯ ಮಗುವಿನಂತೆ ನಿಂತಿದ್ದ.

"ಸ್ವಂತ ಮುಖ ಕೊಡು ಅಂದಿದ್ದೆಯಲ್ಲಮ್ಮಾ... ಕೊಟ್ಟಿದೀನಿ."

"ಎಲ್ಲಿಗೆ ಇದು?"

ಅಜ್ಜ ನೆಲ ನೋಡಿದ. "ಕೆಳಗೆ. ಅವನ ಕಾಲ ಹತ್ರ."

ಆಕೆಯ ಬಾಯಿಂದ ಬೈಗುಳ ಬರುತ್ತದೆಂದು ಅವನು ಕಾದ. ಬರಲಿಲ್ಲ. ಬಂದಿದ್ದರೆ ಅವನಿಗೂ ಹಗುರವಾಗುತ್ತಿತ್ತು. ಹೆಣದಚ್ಚಿನ ಮುಖವಾಗಿದ್ದರೆ ಯಾರೋ ಒಬ್ಬಳು ಬಿದ್ದಿದ್ದಾಳೆ ಎಂದುಕೊಂಡು ಕಣ್ಣು ತಿರುಗಿಸಬಹುದಿತ್ತು. ಈಗ ಬೀಳುವವಳು ತಂಗಿಯೇ. ದಿನಾ ಬೆಳಿಗ್ಗೆ ಬ್ರಷ್ ಹಿಡಿದು ಅವಳ ಹೆಣದ ಧೂಳು ಹೊಡೆಯಬೇಕು. ಕಡಲೆಕಾಯಿ ತಿನ್ನುತ್ತ ಬಂದವರು ಬಗ್ಗಿ ನೋಡಬೇಕು. ಆಕೆ ತಲೆಯನ್ನು ಟವೆಲ್‌ನಲ್ಲಿ ಸುತ್ತಿ, ಚೀಲಕ್ಕೆ ಹಾಕಿ, ಹೊರಟೇಬಿಟ್ಟಳು.

ಬಸ್ಸಿನಲ್ಲಿ ಸಿಕ್ಕ ಸೀಟು ಇಂಜಿನ್ನಿನ ಪಕ್ಕದ್ದು. ಸ್ವಲ್ಪ ದೂರ ಹೋಗುವಷ್ಟರಲ್ಲಿ ತೊಡೆ ಬಿಸಿಯಾಯಿತು. ಮೇಣ! ಮೂಗು ಮೆತ್ತಗಾಯಿತೇನೋ ಎಂದು ಗಾಬರಿಯಾಗಿ ಚೀಲ ತೆರೆದು, ಟವೆಲ್ ಸರಿಸಿ, ಬೆರಳಿಂದ ಮುಟ್ಟಿ ನೋಡಿದಳು. ಪಕ್ಕದಲ್ಲಿದ್ದ ಹೆಂಗಸು ತರಕಾರಿ ಎಂದುಕೊಂಡು ಕತ್ತು ಚಾಚಿದಳು.

"ಏನಕ್ಕಾ ಅದು, ಕುಂಬಳಕಾಯಾ?"

"ತಲೆ."

"ಯಾರ್ದು?"

"ನನ್ನ ತಂಗೀದು."

ಆ ಹೆಂಗಸು ಕಿರುಚಿದ ರಭಸಕ್ಕೆ ಡ್ರೈವರ್ ಬ್ರೇಕ್ ಒತ್ತಿದ, ನಿಂತವರೆಲ್ಲ ಒಬ್ಬರ ಮೇಲೊಬ್ಬರು ಬಿದ್ದರು. "ತಲೆ ಇದೆ ಚೀಲದಲ್ಲಿ! ಬೋಳಿಸಿದಾಳೆ!" ಎಂಬ ಸುದ್ದಿ ಹಿಂದಿನ ಸೀಟು ಮುಟ್ಟುವಷ್ಟರಲ್ಲಿ ಎರಡು ತಲೆಯಾಗಿತ್ತು. ಕಂಡಕ್ಟರ್ ಜನರನ್ನು ಸರಿಸಿಕೊಂಡು ಬಂದ. ಚೀಲದ ಬಾಯಿ ಅಗಲಿಸಿ ಒಳಗೆ ಇಣುಕಿದ. ಗಾಜಿನ ಕಣ್ಣು ನೋಡಿ, ಉಗುರಿಂದ ಕೆನ್ನೆ ಮುಟ್ಟಿ, ಉಸಿರು ಬಿಟ್ಟ.

"ಮೇಣ ಕಣ್ರೀ, ಮೇಣ! ಎಲ್ರೂ ಕೂತ್ಕೊಳ್ಳಿ. ಏನಮ್ಮಾ, ನಮ್ಮ ಜೀವ ತೆಗೆಯೋಕೆ ಬಂದ್ಯಾ? ಇದಕ್ಕೂ ಒಂದು ಟಿಕೆಟ್ ಹರೀತೀನಿ ನೋಡು."

"ಹರಿಯಪ್ಪಾ. ಅವಳು ಯಾವತ್ತೂ ಟಿಕೆಟ್ ಇಲ್ದೆ ಹತ್ತಿದೋಳಲ್ಲ."

ಕಂಡಕ್ಟರ್ ಆಕೆಯ ಮುಖ ನೋಡಿದ. ಆಮೇಲೆ ತಮಾಷೆ ಮಾಡಲಿಲ್ಲ. ಕಿಟಕಿಯ ಪಕ್ಕ ಕೂತಿದ್ದವನೊಬ್ಬನನ್ನು ಎಬ್ಬಿಸಿ, "ಇಲ್ಲಿ ಕೂರಮ್ಮಾ, ಗಾಳಿ ಬರುತ್ತೆ" ಎಂದ.

ಮನೆಗೆ ಬಂದವಳು ಅಮ್ಮನ ಮುಖವನ್ನೂ ನೋಡದೆ ಅಡುಗೆಮನೆಗೆ ಹೋಗಿ ದೊಡ್ಡ ಪಾತ್ರೆಯನ್ನು ಸ್ಟೌ ಮೇಲಿಟ್ಟಳು. ಕರಗಿಸಿಬಿಟ್ಟರೆ ಮುಗಿಯಿತು. ಮ್ಯೂಸಿಯಂನಲ್ಲಿ ಹಳೆಯ ಗೊಂಬೆಗಳನ್ನು ಹಾಗೆಯೇ ಮಾಡುತ್ತಿದ್ದರು, ನಿನ್ನೆಯ ಮಂತ್ರಿಯ ಮೇಣ ಇವತ್ತಿನ ಕಳ್ಳ. ಟವೆಲ್ ಬಿಚ್ಚುವಾಗ ಅಮ್ಮ ಹಿಂದೆ ಬಂದು ನಿಂತಿದ್ದಳು.

"ಯಾರೇ ಮಾಡಿದ್ದು?"

"ಅಜ್ಜ."

ಅಮ್ಮ ತಲೆಯನ್ನು ಎತ್ತಿಕೊಂಡು ಬೆಳಕಿಗೆ ಹಿಡಿದಳು. ಹೊಲಿಗೆ ನೋಡುವಾಗ ಮಾಡುವ ಹಾಗೆ ಕಣ್ಣು ಕಿರಿದು ಮಾಡಿದಳು. "ಮೂಗು ಸರಿಯಾಗಿದೆ. ಕಿವಿ ಅವಳದಲ್ಲ, ಇಷ್ಟು ದೊಡ್ಡದಿರ್ಲಿಲ್ಲ." ಹೆಬ್ಬೆರಳಿಂದ ಕಿವಿಯ ಹಾಲೆಯನ್ನು ಒತ್ತಿದಳು. ಇಂಜಿನ್ನಿನ ಬಿಸಿಗೆ ಮೆತ್ತಗಾಗಿದ್ದ ಮೇಣ ಮಾತು ಕೇಳಿತು. "ಪಾತ್ರೆ ಯಾಕೆ ಇಟ್ಟೆ?"

"ಕರಗಿಸ್ತೀನಿ. ಆ ದರಿದ್ರದವನ ಕಾಲ ಹತ್ರ ಹೆಣ ಮಾಡಿ ಮಲಗಿಸ್ತಾರಂತೆ."

"ಸತ್ತಿದ್ದು ಒಂದು ಸಲ ಸಾಕಾಗ್ಲಿಲ್ವಾ ಅವಳಿಗೆ? ನೀನು ಬೇರೆ ಸಾಯಿಸ್ಬೇಕಾ?"

ಕೂದಲಕ್ಕ ಸ್ಟೌ ಆರಿಸಿದಳು. ತಂಗಿ ಸತ್ತಂದಿನಿಂದ ಒಮ್ಮೆಯೂ ಅಳದಿದ್ದವಳು ಅಡುಗೆಮನೆಯ ನೆಲದ ಮೇಲೆ ಕೂತು, ಸೆರಗು ಬಾಯಿಗೆ ಒತ್ತಿಕೊಂಡು, ಅತ್ತಳು. ಅಮ್ಮ ಸಮಾಧಾನ ಮಾಡಲು ಹೋಗಲಿಲ್ಲ. ತಲೆಯನ್ನು ಮಡಿಲಲ್ಲಿಟ್ಟುಕೊಂಡು ಇನ್ನೊಂದು ಕಿವಿ ಸರಿಮಾಡುತ್ತಿದ್ದಳು.

"ಮಲಗಿಸಿದ್ರೆ ತಾನೆ ಹೆಣ?" ಎಂದಳು ಕೊನೆಗೆ. "ಕೂರಿಸು. ಕಾಲ ಮೇಲೆ ಕಾಲು ಹಾಕ್ಕೊಂಡು ಕೂರ್ತಿದ್ಳಲ್ಲ, ನಾನು ಬೈದ್ರೂ ಕೇಳ್ತಿರ್ಲಿಲ್ಲ. ಹಾಗೇ ಕೂರಿಸು. ಇನ್ನೇನು ಬೇಕಾದ್ರೂ ಆಗ್ಲಿ."

ಮರುದಿನ ಯಜಮಾನ ಮೂಗಿನ ತುದಿಯಲ್ಲಿ ಸಿಟ್ಟು ಇಟ್ಟುಕೊಂಡೇ ಕಾಯುತ್ತಿದ್ದ.

"ಮ್ಯೂಸಿಯಂ ಸಾಮಾನು ಮನೆಗೆ ಹೊತ್ಕೊಂಡು ಹೋಗೋದು ಯಾವ ಪದ್ಧತಿ? ತಲೆ ಎಲ್ಲಿ?"

"ತಂದಿದೀನಿ. ಕೆಳಗೆ ಬರಲ್ಲ ಅವಳು. ಮೆಟ್ಟಿಲ ಹತ್ರ ಬೆಂಚಿನ ಮೇಲೆ ಮೂಗು ಹೋದ ಮೇಣದ ಕಾವಲುಗಾರ ಕೂತಿದಾನಲ್ಲ, ಅವನನ್ನ ಎಬ್ಬಿಸಿ. ಅಲ್ಲಿ ಕೂರ್ತಾಳೆ. ಬೋರ್ಡು ಗೀರ್ಡು ಏನೂ ಬೇಡ."

"ಕೊಲೆ ಕೋಣೇಲಿ ಹೆಣ ಇಲ್ದಿದ್ರೆ ಜನ ಏನ್ ನೋಡ್ತಾರೆ, ನನ್ನ ಮುಖಾನಾ?"

"ನಿಮ್ಮ ಮುಖ ನೋಡಿದ್ರೂ ಹೆದರ್ತಾರೆ ಬಿಡಿ ಯಜಮಾನ್ರೇ. ಹೆಣ ಬೇಡ. ಒಂದು ಬಾಗಿಲು ಇಡಿ, ಅರ್ಧ ತೆಗೆದಿರಲಿ. ಅವನು ಹೊರಗೆ ಪೆಟ್ಟಿಗೆ ಹಿಡ್ಕೊಂಡು ನಿಂತಿರಲಿ. ಅಷ್ಟೇ."

"ಕೂದಲಾದ್ರೂ ಕೆದರಿ ಹಾಕು. ಕಣ್ಣಿಗೆ ಸ್ವಲ್ಪ ಕೆಂಪು..."

"ಬೇಡ!" ಆಕೆಯ ದನಿಗೆ ಕೋಣೆಯ ಗಾಜು ನಡುಗಿತು. "ರಾಕ್ಷಸನ ಹಾಗೆ ಮಾಡಿದ್ರೆ ಜನ ರಾಕ್ಷಸನಿಗೆ ಚಿಲಕ ಹಾಕ್ತಾರೆ, ಇಂಥವನಿಗೆ ಬಾಗಿಲು ತೆಗೀತಾರೆ. ನಮ್ಮನೇಲಿ ಆಗಿದ್ದೂ ಅದೇ. ಅವನು ಹೇಗಿದ್ನೋ ಹಾಗೇ ಮಾಡ್ತೀನಿ, ಬೈತಲೆ ತೆಗೆದು, ಎಣ್ಣೆ ಹಚ್ಚಿ. ಇದಕ್ಕೆ ಹೂಂ ಅಂದ್ರೆ ಸೂಜಿ ಹಿಡೀತೀನಿ. ಇಲ್ಲಾಂದ್ರೆ ಅವನನ್ನ ಬೋಳು ತಲೇಲೇ ನಿಲ್ಸಿ, ಜನ ಮೊಟ್ಟೆ ಅಂದ್ಕೋತಾರೆ."

ಆ ನಗರದಲ್ಲಿ ಮೇಣಕ್ಕೆ ಕೂದಲು ನೆಡುವ ಕೈ ಇನ್ನೊಂದಿರಲಿಲ್ಲ. ಬಾಗಿಲ ಬಳಿ ನಿಂತಿದ್ದ ಮೇಣದಜ್ಜ, ಜೀವನದಲ್ಲಿ ಮೊದಲ ಸಲ, "ಅವಳು ಹೇಳಿದ ಹಾಗೆ ಆಗದಿದ್ರೆ ನಂಗೂ ವಯಸ್ಸಾಯ್ತು ಸ್ವಾಮಿ" ಎಂದ. ಯಜಮಾನ ಇಬ್ಬರನ್ನೂ ನೋಡಿ, "ನೋಡೋಣ" ಎನ್ನಲು ಬಾಯಿ ತೆರೆದು, ಮುಚ್ಚಿಕೊಂಡು, "ಏನಾದ್ರೂ ಮಾಡ್ಕೊಂಡು ಸಾಯಿರಿ" ಎಂದ. ಅವನ ಬಾಯಲ್ಲಿ ಅದಕ್ಕಿಂತ ಒಳ್ಳೆಯ ಒಪ್ಪಿಗೆ ಬರುವುದಿಲ್ಲ.

ಸ್ಟೌ ರಿಪೇರಿಯವನ ತಲೆಯನ್ನು ಆಕೆ ಮೊದಲು ಮುಗಿಸಿದಳು. ಸೂಜಿಯನ್ನು ಬೇಕೆಂದು ಆಳಕ್ಕೆ ಚುಚ್ಚಲಿಲ್ಲ. ಮೇಣಕ್ಕೆ ನೋವಾಗುವುದಿಲ್ಲ ಎಂದು ಆಕೆಗಿಂತ ಚೆನ್ನಾಗಿ ಬಲ್ಲವರು ಯಾರು? ಹಳೆಯ ಟೋಪನ್‌ಗಳಿಂದ ಉದುರಿದ ಕೂದಲೇ ಅವನಿಗೆ ಸಾಕಾಯಿತು.

ಆಮೇಲೆ ಮೇಲಕ್ಕೆ ಹೋಗಿ ರಾಣಿಯ ಕಿರೀಟ ತೆಗೆದಿಟ್ಟು, ಆ ಜಡೆಯ ಕೂದಲನ್ನು ಒಂದೊಂದಾಗಿ ಕಿತ್ತಳು. "ತಪ್ಪು ತಿಳೀಬೇಡಮ್ಮಾ ಮಹಾರಾಣಿ, ಜಡೆ ಯಜಮಾನತಿ ಬಂದಿದಾಳೆ, ಕೇಳ್ತಿದಾಳೆ" ಎಂದಳು. ಬಹಳ ದಿನಗಳ ಮೇಲೆ ಮೇಣದ ಜೊತೆ ಆಡಿದ ಮೊದಲ ಮಾತು ಅದು. ರಾಣಿಗೆ ಅಂಗಡಿಯ ಕೂದಲು ಬಂತು. ಆ ಕಿರೀಟದ ಕೆಳಗೆ ಯಾರು ನೋಡುತ್ತಾರೆ? ತಂಗಿಯ ಕೂದಲು ತಂಗಿಗೆ ಬಂತು. ನೆಟ್ಟು ಮುಗಿದ ಮೇಲೆ ಕತ್ತರಿಸಿ ಕುತ್ತಿಗೆಯವರೆಗೆ ಬಿಡುವುದೋ, ಜಡೆ ಹೆಣೆಯುವುದೋ ಎಂದು ಅಮ್ಮನನ್ನು ಕೇಳಿದಳು. "ಕಾರ್ಖಾನೆ ಇಲ್ವಲ್ಲ ಈಗ, ಜಡೆ ಹಾಕು" ಎಂದಳು ಅಮ್ಮ.

ಕೋಣೆ ತೆರೆದ ದಿನ ಜನ ಬಂದರು. ಹೊಸ ಬಾಗಿಲ ಮುಂದೆ ಗಂಡಸರು "ಇವನಾ? ನಮ್ಮ ಆಫೀಸಿನ ಗುಮಾಸ್ತನ ಹಾಗಿದಾನೆ" ಎಂದು ನಿರಾಸೆಯಿಂದ ಮುಂದೆ ಹೋದರು. ಹೆಂಗಸರು ಮಾತ್ರ ಅಲ್ಲಿ ನಿಂತೇ ಇರುತ್ತಿದ್ದರು, ಅರ್ಧ ತೆರೆದ ಬಾಗಿಲನ್ನು ನೋಡುತ್ತ. ಒಬ್ಬಾಕೆ ಕೈಚಾಚಿ ಬಾಗಿಲನ್ನು ಮುಚ್ಚಿಯೇಬಿಟ್ಟಳು. ಯಜಮಾನ ಓಡಿಬಂದು ಮತ್ತೆ ತೆರೆಸಿದ.

ಅಮ್ಮ ಕೆಳಗಿಳಿಯಲಿಲ್ಲ. ಮೆಟ್ಟಿಲ ಹತ್ತಿರದ ಬೆಂಚಿನಲ್ಲಿ, ಕಾಲ ಮೇಲೆ ಕಾಲು ಹಾಕಿ ಕುಳಿತ ಮಗಳ ಪಕ್ಕ ಕೂತು, ಚೀಲದಿಂದ ಅಂಗಿ ತೆಗೆದು ಗುಂಡಿ ಹೊಲಿಯತೊಡಗಿದಳು. ಕೂದಲಕ್ಕ ಬ್ರಷ್ ಹಿಡಿದು ಪಕ್ಕದಲ್ಲೇ ನಿಂತಿದ್ದಳು. ಮಗು ಎತ್ತಿಕೊಂಡಿದ್ದ ಒಬ್ಬಾಕೆ ಮೆಟ್ಟಿಲು ಹತ್ತಿ ಸುಸ್ತಾಗಿ ಬಂದು ನೇರವಾಗಿ ಜಡೆಯವಳನ್ನೇ ಕೇಳಿದಳು.

"ತಂಗೀ, ಸ್ವಲ್ಪ ಆ ಕಡೆ ಸರೀತೀಯಾ? ಕೂರ್ಬೇಕಿತ್ತು."

ಉತ್ತರ ಬರಲಿಲ್ಲ. ಆಕೆ ಮತ್ತೆ ಕೇಳಿದಳು.

"ಅವಳು ಸರಿಯೋದಿಲ್ಲಮ್ಮಾ, ಮೊದಲಿಂದಲೂ ಹೀಗೇ, ಮೊಂಡಿ" ಎಂದು ಅಮ್ಮ ಸೂಜಿಯನ್ನು ಅಂಗಿಗೆ ಚುಚ್ಚಿಟ್ಟಳು. "ಬಾ, ನಾನೇ ಸರೀತೀನಿ."